ದರೆಯ ಕೆಳಗಿನ ಶಾಲೆ: ಎರಡು ಬೇಸಿಗೆಗಳ ಲೆಕ್ಕ

ಜುಲೈ ಮಧ್ಯದ ಒಂದು ರಾತ್ರಿ ಮುಖ್ಯ ಶಿಕ್ಷಕಿ ನನಗೊಂದು ಫೋಟೋ ಕಳುಹಿಸಿದರು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಏಪ್ರಿಲ್‌ನಲ್ಲಿ ನಾವು ಒಂದನೆಯ ಕೋಣೆಯ ಗೋಡೆಯ ಮೇಲೆ ಬರೆಸಿದ್ದ ಜಿರಾಫೆಯ ಕುತ್ತಿಗೆ ಅಂಗೈಯಗಲದ ಹಕ್ಕಳೆಗಳಾಗಿ ಕಳಚಿ ನೆಲಕ್ಕೆ ಬಿದ್ದಿತ್ತು. ತಲೆ ಮಾತ್ರ ಮೇಲೆ ಉಳಿದು ನಗುತ್ತಿತ್ತು. ಅದರ ಕೆಳಗೆ ಗೋಡೆ ಒದ್ದೆಯಾಗಿ, ಮಕ್ಕಳ ಎದೆಯೆತ್ತರದವರೆಗೆ ಬೂಸ್ಟು ಹಿಡಿದಿತ್ತು.

ಅಷ್ಟರೊಳಗೆ ನಾನು ಆ ಶಾಲೆಯ ಬಗ್ಗೆ ವರದಿ ಬರೆದು ದಾನಿಗಳಿಗೆಲ್ಲ ಕಳುಹಿಸಿಯಾಗಿತ್ತು. 'ಮೊದಲು', 'ನಂತರ' ಎಂಬ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಮಾಡಿದ, ಎಲ್ಲರೂ ಮೆಚ್ಚಿಕೊಂಡ ವರದಿ. ಈ ಬರಹ ಅದರ ತಿದ್ದುಪಡಿ. ಊರಿನ ಹೆಸರನ್ನೂ ಜನರ ಹೆಸರನ್ನೂ ಬಿಟ್ಟಿದ್ದೇನೆ. ದಾನದ ದುಡ್ಡಿನಲ್ಲಿ ಶಾಲೆಗಳ ಕೆಲಸ ಮಾಡಿಕೊಡುವ ನಮ್ಮ ಬೆಂಗಳೂರಿನ ತಂಡದ ಹೆಸರನ್ನೂ ಬಿಟ್ಟಿದ್ದೇನೆ, ಅದು ನಾಚಿಕೆಯಿಂದ.

ಶಾಲೆ ಇರುವ ಜಾಗ

ಶಿವಮೊಗ್ಗ ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಶರಾವತಿಯ ಹಿನ್ನೀರಿಗೆ ಇಳಿಯುವ ಗುಡ್ಡವೊಂದರ ಮಗ್ಗುಲಲ್ಲಿ ಈ ಶಾಲೆ ಇದೆ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದನೆಯ ತರಗತಿ, 34 ಮಕ್ಕಳು, ಇಬ್ಬರು ಶಿಕ್ಷಕಿಯರು. ಊರಿನವರು ಇಬ್ಬರನ್ನೂ 'ಅಕ್ಕೋರು' ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗವಾದ್ದರಿಂದ ಕಟ್ಟಡದ ಬೆನ್ನಿಗೆ ಎರಡಾಳೆತ್ತರದ ದರೆ, ಅಂದರೆ ಕಡಿದ ಗುಡ್ಡದ ನೆಟ್ಟನೆಯ ಮಣ್ಣಿನ ಮೈ. ಜಂಬಿಟ್ಟಿಗೆಯ ಗೋಡೆ, ಎರಡು ಕೋಣೆ, ಮುಂದೊಂದು ಜಗಲಿ, ಮೇಲೆ ಮಂಗಳೂರು ಹೆಂಚು. ಪಕ್ಕದಲ್ಲಿ ಬಿಸಿಯೂಟದ ಅಡುಗೆಕೋಣೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಕಣಿವೆ ಮುಳುಗಿದಾಗ ಮೇಲೆ ಬಂದು ನೆಲೆನಿಂತವರ ಊರು ಇದು. ಬರುವಾಗ ಮನೆಗಳನ್ನು ಬಿಚ್ಚಿ ತೊಲೆ, ಬಾಗಿಲು, ಹೆಂಚುಗಳನ್ನು ಹೊತ್ತು ತಂದಿದ್ದರು. ಶಾಲೆಯ ತೊಲೆಗಳಲ್ಲಿ ಕೆಲವು ಹಾಗೆ ಬಂದವು ಎಂದು ಹಿರಿಯರು ಹೇಳುತ್ತಾರೆ. ಒಂದರ ಮೇಲೆ ಯಾವುದೋ ಮನೆಯ ಹೆಬ್ಬಾಗಿಲಿನ ಕಚ್ಚು ಈಗಲೂ ಕಾಣುತ್ತದೆ. ಕೊಟ್ಟ ಜಾಗದ ಬಹುಪಾಲು ಮಾತ್ರ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿದೆ. ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹೋರಾಟ ಆರು ದಶಕ ಕಳೆದರೂ ಮುಗಿದಿಲ್ಲ. ಶಾಲೆಯ ಜಾಗವೂ ಅದೇ ಗಂಟಿನಲ್ಲಿ ಸಿಕ್ಕಿಕೊಂಡಿದೆ. ಪಹಣಿ ಶಾಲೆಯ ಹೆಸರಿನಲ್ಲಿ ಇಲ್ಲದ್ದರಿಂದ ಹೊಸ ಕಟ್ಟಡದ ಕಡತ ಪ್ರತಿ ಸಲವೂ ಅಲ್ಲಿಗೆ ಬಂದು ನಿಲ್ಲುತ್ತದೆ. ಅರಣ್ಯ ಹಕ್ಕು ಕಾಯ್ದೆ, 2006ರ ಕಲಂ 3(2) ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗವನ್ನು ಶಾಲೆಯಂತಹ ಕೆಲಸಕ್ಕೆ ಬಿಟ್ಟುಕೊಡಲು ಅವಕಾಶ ಕೊಟ್ಟಿದೆ. ಆ ಅರ್ಜಿಯ ಕಥೆ ಬೇರೆಯೇ ಒಂದು ಬರಹಕ್ಕಾಗುವಷ್ಟಿದೆ. ಇಲ್ಲಿಗೆ ಬೇಕಾದದ್ದು ಇಷ್ಟು: ಹೊಸದು ಕಟ್ಟುವ ಮಾತು ಸದ್ಯಕ್ಕಿಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳಲು ಶಾಲೆಯ ಕೈಯಲ್ಲಿ ಇದ್ದದ್ದು ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ. ಮಕ್ಕಳ ಸಂಖ್ಯೆ 30 ಮೀರಿ 100ರೊಳಗಿದ್ದರೆ 25,000 ರೂಪಾಯಿ. 30 ಅಥವಾ ಅದಕ್ಕಿಂತ ಕಡಿಮೆಯಾದರೆ 10,000. ಸೀಮೆಸುಣ್ಣದಿಂದ ವಿದ್ಯುತ್ ಬಿಲ್ಲಿನವರೆಗೆ ಎಲ್ಲವೂ ಅದರಲ್ಲೇ, ಹತ್ತನೇ ಒಂದು ಭಾಗ ಸ್ವಚ್ಛತೆಗೆ. ನಾಲ್ಕು ಮಕ್ಕಳು ಪೇಟೆಯ ಶಾಲೆಯ ವ್ಯಾನು ಹತ್ತಿದರೆ ಅನುದಾನ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸೋರುವ ಶಾಲೆಯಿಂದ ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದರೆ ಸೋರಿಕೆ ನಿಲ್ಲಿಸಲು ದುಡ್ಡಿರುವುದಿಲ್ಲ. ಅಕ್ಕೋರು ಈ ಲೆಕ್ಕವನ್ನು ನಮಗೆ ಮೊದಲ ದಿನವೇ ಹೇಳಿದ್ದರು. ನಾವು ತಲೆಯಾಡಿಸಿ ಬಣ್ಣದ ಡಬ್ಬಿ ಬಿಚ್ಚಿದೆವು.

ಮೊದಲ ಬೇಸಿಗೆ

ನಾವು ನಲವತ್ತು ಮಂದಿ ಬೆಂಗಳೂರಿನಿಂದ ಒಂದು ಬಸ್ಸು, ಎರಡು ವ್ಯಾನುಗಳಲ್ಲಿ ಹೋಗಿದ್ದೆವು. ಶನಿವಾರ, ಭಾನುವಾರ ಎರಡು ದಿನ. ಒಂದೇ ಬಣ್ಣದ ಅಂಗಿ, ಒಂದು ಬ್ಯಾನರ್. ಅನುಮತಿಯೆಂದರೆ ಅಕ್ಕೋರೊಂದಿಗೆ ಫೋನಿನಲ್ಲಿ ಆಡಿದ ನಾಲ್ಕು ಮಾತು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ, ಕರ್ನಾಟಕದಲ್ಲಿ 2001ರಿಂದಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೂ ಎಂಟು ವರ್ಷ ಮೊದಲೇ ಶಾಲೆಯ ಉಸ್ತುವಾರಿಯನ್ನು ಪೋಷಕರ ಕೈಗೆ ಕೊಟ್ಟ ವ್ಯವಸ್ಥೆ ಅದು. ಕಾಯ್ದೆಯ ಪ್ರಕಾರ ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡಬೇಕಾದವರೂ ಅವರೇ. ಇದೆಲ್ಲ ನನಗೆ ಗೊತ್ತಿತ್ತು. ಅಧ್ಯಕ್ಷೆಯ ನಂಬರನ್ನು ಮಾತ್ರ ಕೇಳಿರಲಿಲ್ಲ.

ಎರಡು ದಿನದಲ್ಲಿ ನಾವು ಒಳಗೋಡೆಗಳಿಗೆ ಎನಾಮಲ್ ಬಣ್ಣ ಬಳಿದೆವು. ಚಿತ್ರಕಲೆ ಕಲಿತ ಮೂವರು ಕಾಡುಪ್ರಾಣಿಗಳನ್ನು ಬರೆದರು. ಜಿರಾಫೆ ಮಲೆನಾಡಿನ ಪ್ರಾಣಿಯಲ್ಲ ಎಂದು ಒಬ್ಬ ಹುಡುಗ ಹೇಳಿದಾಗ ಎಲ್ಲರೂ ನಕ್ಕೆವು. ಅಂಗಳದಲ್ಲಿ ಟೈರಿನ ಉಯ್ಯಾಲೆ ಕಟ್ಟಿದೆವು. ಊರಿನವರು ಜಗಲಿಯ ತುದಿಯಲ್ಲಿ, ಅಂಗಳದ ಮಾವಿನ ಮರದಡಿಯಲ್ಲಿ ನಿಂತು ನೋಡಿದರು. ಹೆಂಗಸರು ಮಜ್ಜಿಗೆ ತಂದು ಕೊಟ್ಟರು. "ನೀವೂ ಬನ್ನಿ" ಎಂದು ಬ್ರಷ್ ಚಾಚಿದರೆ ಹಿಂದೆ ಸರಿಯುತ್ತಿದ್ದರು. ಹಳ್ಳಿಯ ಜನಕ್ಕೆ ಆಸಕ್ತಿ ಕಡಿಮೆ ಎಂದು ನಮ್ಮಲ್ಲೊಬ್ಬರು ಬಸ್ಸಿನಲ್ಲಿ ಹೇಳಿದ್ದು ನೆನಪಿದೆ. ನಾನು ಎದುರಾಡಲಿಲ್ಲ.

ಒಬ್ಬ ಮುದುಕರು ಮಾತ್ರ ಮೂರು ಸಲ ನನ್ನ ಹತ್ತಿರ ಬಂದು "ಹೆಂಚು ಇಳಿಸುವುದಿಲ್ಲವೇ?" ಎಂದು ಕೇಳಿದ್ದರು. ಮೂರು ಸಲವೂ, ಈ ಬಾರಿ ಬಣ್ಣ ಮಾತ್ರ ಅಜ್ಜ, ಎಂದಿದ್ದೆ.

ನಮ್ಮಿಂದಾದ ದೊಡ್ಡ ತಪ್ಪು ಜಿರಾಫೆಯದಲ್ಲ, ಅದರ ಪಾದದ ಬಳಿಯದು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕೂರುವ ನಲಿಕಲಿ ಕೋಣೆಯಲ್ಲಿ ಗೋಡೆಯುದ್ದಕ್ಕೂ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ಕಪ್ಪು ಪಟ್ಟಿಯೊಂದು ಇತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂತು, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು, ತಮ್ಮ ಪಾಡಿಗೆ ತಾವು ಕಲಿಯುತ್ತಾರೆ. ಆ ಪಟ್ಟಿ ಅವರ ಹಲಗೆ. ಪ್ರತಿ ಮಗುವಿಗೂ ಅದರಲ್ಲೊಂದು ಪಾಲು ಇರುತ್ತದೆ. ಕೂತಲ್ಲೇ ತಿರುಗಿ ಬರೆಯಬಹುದು. ನಮ್ಮ ಕಣ್ಣಿಗೆ ಅದು ಅಲ್ಲಲ್ಲಿ ಸವೆದ, ಸೀಮೆಸುಣ್ಣದ ಗೀಚು ತುಂಬಿದ, ಕೊಳಕಾದ ಗೋಡೆಯಾಗಿ ಕಂಡಿತು. ಅದರ ಮೇಲೆ ಹಸಿರು ಎನಾಮಲ್ ಎಳೆದು ಹುಲ್ಲುಗಾವಲು ಬರೆದೆವು. ಎನಾಮಲ್ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಜೂನ್‌ನಲ್ಲಿ ಬಂದ ಮಕ್ಕಳಿಗೆ ಪ್ರಾಣಿಗಳಿದ್ದವು, ಬರೆಯಲು ಜಾಗವಿರಲಿಲ್ಲ. "ಮೊದಲೇ ಹೇಳಬಹುದಿತ್ತಲ್ಲ ಅಕ್ಕೋರೇ" ಎಂದು ಆಮೇಲೆ ಕೇಳಿದ್ದಕ್ಕೆ ಅವರು ಹೇಳಿದರು: "ಅಷ್ಟು ದೂರದಿಂದ ಬಂದು ಬಿಸಿಲಲ್ಲಿ ಬೆವರು ಸುರಿಸುತ್ತಿದ್ದಿರಿ. ಹೇಗೆ ಹೇಳುವುದು?"

ಗೋಡೆಯ ಹಿಂದೆ

ಫೋಟೋ ಬಂದ ಮೂರು ವಾರಕ್ಕೆ, ಆಗಸ್ಟ್‌ನಲ್ಲಿ, ನಾವು ಮೂವರು ಹೋದೆವು. ಅಂಗಿ, ಬ್ಯಾನರ್ ಇಲ್ಲದೆ. ಮಲೆನಾಡಿನ ಶಾಲೆಯೊಂದರ ಸ್ಥಿತಿ ತಿಳಿಯಬೇಕಾದರೆ ಮಳೆಯಲ್ಲಿ ನೋಡಬೇಕು. ಬೇಸಿಗೆಯಲ್ಲಿ ಎಲ್ಲ ಕಟ್ಟಡಗಳೂ ಚೆನ್ನಾಗಿಯೇ ಕಾಣುತ್ತವೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಈ ಊರಿನಲ್ಲಿ ಅಷ್ಟಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳಿಗೆ ಒಣಗುವ ಬಿಡುವು ಸಿಗುವುದಿಲ್ಲ.

ಹೆಂಚಿನ ಮಾತು ಕೇಳಿದ್ದ ಅದೇ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಬಂದರು. ವಯಸ್ಸು ಎಪ್ಪತ್ತು ದಾಟಿದೆ, ಮರಗೆಲಸದವರು. ಒಳಗೆ ಬರದೆ ನನ್ನನ್ನು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದರು. ದರೆಗೂ ಗೋಡೆಗೂ ನಡುವೆ ನಾಲ್ಕು ಅಡಿಯ ಓಣಿ. ಅಲ್ಲಿ ಹಿಂದೆ ನೀರು ಹರಿದುಹೋಗಲು ತೋಡಿದ ಅಗಳು ಇತ್ತಂತೆ. ವರ್ಷವರ್ಷವೂ ದರೆಯ ಮಣ್ಣು ಜರಿದು, ತರಗೆಲೆ ಕೊಳೆತು, ಅಗಳು ಮುಚ್ಚಿ ನೆಲವಾಗಿ, ಆ ನೆಲ ತರಗತಿಯ ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ಏರಿತ್ತು. ಮೇಲಿನ ಗುಡ್ಡದ ನೀರೆಲ್ಲ ಅಲ್ಲಿ ನಿಂತು ಗೋಡೆಗೆ ಒರಗಿಕೊಂಡಿತ್ತು. ಅಜ್ಜ ಕೋಲಿನಿಂದ ಕುಟ್ಟಿ ತೋರಿಸಿದರು: "ಗೋಡೆ ನಾಲ್ಕು ತಿಂಗಳು ನೀರು ಕುಡಿಯುತ್ತದೆ, ತಮ್ಮಾ. ಒಳಗಡೆಯಿಂದ ನೀವು ಬಾಯಿ ಕಟ್ಟಿದಿರಿ. ಅದು ಉಗುಳಬೇಕಲ್ಲ, ಎಲ್ಲಿಗೆ ಉಗುಳುತ್ತದೆ?"

ಕಟ್ಟಡ ವಿಜ್ಞಾನ ಹೇಳುವುದೂ ಇದನ್ನೇ. ಜಂಬಿಟ್ಟಿಗೆ ರಂಧ್ರಮಯ ಕಲ್ಲು. ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ತಳದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೊರಮೈ ಸುಣ್ಣದ್ದಾಗಿದ್ದರೆ ಆ ತೇವ ನಿಧಾನವಾಗಿ ಆವಿಯಾಗಿ ಹೊರಹೋಗುತ್ತದೆ. ಎನಾಮಲ್‌ನ ಪದರದಲ್ಲಿ ಅದಕ್ಕೆ ದಾರಿಯಿಲ್ಲ. ತೇವ ಹಿಂದೆ ಸೇರಿಕೊಂಡು, ಜೊತೆಗೆ ತಂದ ಲವಣಗಳು ಹರಳುಗಟ್ಟಿ, ಬಣ್ಣವನ್ನು ಗಾರೆಯ ಸಮೇತ ದೂಡುತ್ತದೆ. ಹಳೆಯ ಸುಣ್ಣ ಕೊಳಕಾಗಿ ಕಾಣುತ್ತಿದ್ದರೂ ತನ್ನ ಕೆಲಸ ಮಾಡುತ್ತಿತ್ತು. ನಾವು 75,000 ರೂಪಾಯಿ ಕೊಟ್ಟು ಅದನ್ನು ನಿಲ್ಲಿಸಿದ್ದೆವು.

ಮಾಡಿನ, ಅಂದರೆ ಹೆಂಚಿನ ಚಾವಣಿಯ, ಕಥೆಯೂ ಅಲ್ಲೇ ತಿಳಿಯಿತು. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ನೋಡಿಕೊಳ್ಳುವುದು ಪ್ರತಿ ವರ್ಷದ ಕೆಲಸ: ಒಡೆದದ್ದು ಬದಲಿಸು, ಜಾರಿದ್ದು ಕೂರಿಸು, ಪಾಚಿ ಕೆರೆ. ಶಾಲೆಯ ಹೆಂಚನ್ನೂ ಊರಿನವರು ಹಾಗೆಯೇ ನೋಡಿಕೊಂಡು ಬಂದಿದ್ದರು. ಒಂದು ವರ್ಷ ಗುತ್ತಿಗೆದಾರನೊಬ್ಬ ದುರಸ್ತಿಯ ಬಿಲ್ಲಿನ ಮೇಲೆ ಬಂದು ಒಂದು ಪಾರ್ಶ್ವದ ರೀಪು, ಅಂದರೆ ಹೆಂಚು ಕೂರುವ ಮರದ ಅಡ್ಡಪಟ್ಟಿ, ಬದಲಿಸಿ ಹೋದ. ಅಲ್ಲಿಂದ ಮುಂದೆ 'ಸರ್ಕಾರದವರು ನೋಡಿಕೊಳ್ಳುತ್ತಾರೆ' ಎಂದು ಊರಿನವರು ಕೈಬಿಟ್ಟರು. ಸರ್ಕಾರದವರು ಮತ್ತೆ ಬರಲಿಲ್ಲ. ಎಂಟು ವರ್ಷ ಯಾರೂ ಮಾಡು ಹತ್ತಿರಲಿಲ್ಲ. ಅದರ ಮೇಲೆ ನಾವು ಬಂದೆವು. ಎರಡನೆಯ ಸಲ ಹೊರಗಿನವರು ಬಂದು ಊರಿನ ಕೈಯಿಂದ ಕೆಲಸ ಕಿತ್ತುಕೊಂಡಂತಾಯಿತು ಎಂಬುದು ನನಗೆ ಹೊಳೆದದ್ದು ಅಜ್ಜನ ಮಾತಿನಿಂದಲ್ಲ, ಅವರು ಮಾತಾಡದೆ ಸೂರಿನ ಕಡೆ ನೋಡುತ್ತಾ ನಿಂತ ರೀತಿಯಿಂದ.

ಮುಯ್ಯಾಳು

ಆ ಸಂಜೆ ಜಗಲಿಯಲ್ಲಿ ಸಭೆ ಸೇರಿತು. ಎಸ್‌ಡಿಎಂಸಿ ಅಧ್ಯಕ್ಷೆಯನ್ನು ನಾನು ನೋಡಿದ್ದು ಅಂದೇ. ಮೂರನೆಯ ತರಗತಿಯ ಹುಡುಗಿಯ ತಾಯಿ. ಅಡಿಕೆ ಸುಲಿಯುವುದರಲ್ಲಿ ಊರಿಗೇ ಚುರುಕು ಎಂದು ಪರಿಚಯಿಸಿದರು. ಮುಂದಿನ ಬೇಸಿಗೆಯಲ್ಲಿ ಮಾಡು, ಅಗಳು ಎರಡನ್ನೂ ಮಾಡಿಕೊಡುತ್ತೇವೆ ಎಂದು ನಾನು ಶುರುಮಾಡಿದೆ. ಅವರು ಮಧ್ಯದಲ್ಲೇ ತಡೆದರು: "ಮಾಡಿಕೊಟ್ಟರೆ ನಾವು ತಿರುಗಿ ಏನು ಕೊಡುವುದು?"

ಏನೂ ಬೇಡ ಎಂದೆ. ತಪ್ಪು ಉತ್ತರ. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ.

ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ನಿನ್ನ ಗದ್ದೆಯ ನಟ್ಟಿಗೆ ನಾನು ಒಂದು ದಿನ ಬಂದರೆ ನನ್ನ ಗದ್ದೆಗೆ ನೀನು ಒಂದು ದಿನ ಬರಬೇಕು. ಕೂಲಿಯ ಮಾತಿಲ್ಲ, ಆಳಿಗೆ ಆಳು. ನಟ್ಟಿ, ಅಡಿಕೆ ಕೊಯ್ಲು, ಮನೆಗೆ ಹೆಂಚು ಹೊದಿಸುವುದು, ಎಲ್ಲವೂ ಹೀಗೆ ನಡೆಯುತ್ತಿದ್ದವು. ಕೂಲಿಯ ಆಳು, ಯಂತ್ರ ಬಂದ ಮೇಲೆ ಕಡಿಮೆಯಾಗಿದೆ, ಸತ್ತಿಲ್ಲ. ಇದರಲ್ಲಿ ಮುಯ್ಯಿ ತೀರಿಸದವನ ಮನೆಗೆ ಮುಂದಿನ ಸಲ ಯಾರೂ ಹೋಗುವುದಿಲ್ಲ. ತೀರಿಸಲು ಅವಕಾಶವನ್ನೇ ಕೊಡದವನ ಸ್ಥಿತಿ ಇನ್ನೂ ವಿಚಿತ್ರ: ಅವನಿಂದ ಪಡೆದವರು ತಲೆ ಎತ್ತಿ ಅವನೊಂದಿಗೆ ಜಗಳವಾಡುವ ಹಾಗಿಲ್ಲ, ಅವನ ಕೆಲಸ ಕೆಟ್ಟರೆ ಕೆಟ್ಟಿದೆ ಎನ್ನುವ ಹಾಗಿಲ್ಲ. ಅಕ್ಕೋರು ಎನಾಮಲ್ ಬಗ್ಗೆ ಬಾಯಿ ಬಿಡದೆ ಇದ್ದದ್ದು, ಊರಿನವರು ಬ್ರಷ್ ಹಿಡಿಯದೆ ಇದ್ದದ್ದು ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ.

ಅಜ್ಜ ಕೇಳಿದರು: "ನಿಮ್ಮ ಮನೆಗಳಿಗೆ ಮಾಡು ಇಲ್ಲವೇ? ನಾವು ಬಂದು ಹೊದಿಸುತ್ತೇವೆ." ನಮ್ಮ ಮೂವರದೂ ಅಪಾರ್ಟ್‌ಮೆಂಟಿನ ವಾಸ. ಮಾಡು ಯಾರದೋ, ನೆಲ ಯಾರದೋ. ಬಹಳ ನಗೆಯ ನಂತರ ಅಧ್ಯಕ್ಷೆಯೇ ದಾರಿ ತೆಗೆದರು. ನೀವು ಬೇರೆ ಶಾಲೆಗಳಿಗೂ ಹೋಗುತ್ತೀರಲ್ಲ, ಮುಂದಿನ ಸಲ ಎಲ್ಲಿ ಮಾಡಿನ ಕೆಲಸ ಇರುತ್ತದೋ ಅಲ್ಲಿಗೆ ನಿಮ್ಮ ಪರವಾಗಿ ನಮ್ಮ ಆಳು ಬರುತ್ತದೆ. ಎಷ್ಟು ದಿನ ಎಂಬುದನ್ನು ಬರೆದಿಟ್ಟುಕೊಳ್ಳೋಣ. ಹೀಗೆಂದು ಇನ್ನೂರು ಪುಟದ ನೋಟ್‌ಪುಸ್ತಕವೊಂದನ್ನು ತರಿಸಿದರು. ಎಡಪುಟಕ್ಕೆ ಊರು, ಬಲಪುಟಕ್ಕೆ ನಾವು.

ಒಂದು ಷರತ್ತು ಹಾಕಿದರು. ಮಾಡಿನ ಕೆಲಸದಲ್ಲಿ ಪೇಟೆಯ ಇಬ್ಬರಿಗೆ ಊರಿನ ಒಂದು ಆಳು. ನಮ್ಮಲ್ಲಿ ಯಾರೂ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಮಾಡು ಇಳಿಸಿದ ಆರು ದಿನ

ಕೆಲಸದ ದಿನ ಗೊತ್ತು ಮಾಡಿದ್ದು ಅಡಿಕೆ ಮತ್ತು ಮಳೆ. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಮುಗಿದು ಕೈ ಖಾಲಿಯಾಗುವುದು ಮಾರ್ಚ್ ಹೊತ್ತಿಗೆ. ಮೇ ಕೊನೆಯಿಂದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿ, ಅದರ ಹಿಂದೆಯೇ ಗದ್ದೆ. ಶಾಲೆಗೆ ರಜೆ ಏಪ್ರಿಲ್, ಮೇ. ಹೀಗಾಗಿ ಏಪ್ರಿಲ್ ಕೊನೆಯ ಆರು ದಿನ. ವಾರದ ಕೊನೆಯೆರಡು ದಿನದಲ್ಲಿ ಮುಗಿಸುತ್ತೇವೆ ಎಂಬ ನಮ್ಮ ಹಠವನ್ನು ಯಾರೂ ಚರ್ಚಿಸಲೂ ಇಲ್ಲ. ರಜೆ ಹಾಕಲು ಸಾಧ್ಯವಾದ ಎಂಟು ಮಂದಿ ಮಾತ್ರ ಹೋದೆವು.

ಈ ಸಲ ಕಾಗದ ಸರಿಯಾಗಿತ್ತು. ಎಸ್‌ಡಿಎಂಸಿಯ ನಡಾವಳಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಅನುಮತಿ, ಪಂಚಾಯತ್ ರಾಜ್ ಎಂಜಿನಿಯರ್ ಒಬ್ಬರು ಬಂದು ತೊಲೆಗಳನ್ನು ನೋಡಿ ಕೊಟ್ಟ ಟಿಪ್ಪಣಿ. ಇಳಿಸಿದ ಹಳೆಯ ಮರವೂ ಸರ್ಕಾರಿ ಆಸ್ತಿ. ಒಂದೊಂದು ತುಂಡನ್ನೂ ಅಳೆದು ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು. ಬೇಸರದ ಕೆಲಸ. ಆದರೆ ಮುಂದೊಂದು ದಿನ 'ಶಾಲೆಯ ತೊಲೆ ಎಲ್ಲಿ ಹೋಯಿತು' ಎಂಬ ಅರ್ಜಿ ಬಂದರೆ ಉತ್ತರ ಹೇಳಬೇಕಾದವರು ಅಕ್ಕೋರು.

ಹೆಂಚಿನ ಬದಲು ತಗಡು ಹಾಕಿಬಿಡೋಣ, ಪ್ರತಿ ವರ್ಷದ ತಾಪತ್ರಯ ತಪ್ಪುತ್ತದೆ ಎಂಬ ವಾದ ಊರಿನಲ್ಲೇ ಎದ್ದಿತ್ತು, ಅದೂ ಕಿರಿಯರಿಂದ. ಮುರಿದದ್ದು ಕಿರಿಯ ಅಕ್ಕೋರು. ಹಿಂದೆ ಅವರು ಕೆಲಸ ಮಾಡಿದ ಶಾಲೆಯಲ್ಲಿ ತಗಡಿನ ಮಾಡಿತ್ತು. ಜುಲೈ ಮಳೆಯಲ್ಲಿ ಎದುರು ಕೂತ ಮಗುವಿಗೂ ಮಾತು ಕೇಳಿಸುತ್ತಿರಲಿಲ್ಲ, ಬೇಸಿಗೆಯಲ್ಲಿ ಒಳಗೆ ಕೂರಲಾಗುತ್ತಿರಲಿಲ್ಲ. ಪಾಠ ನಿಲ್ಲಿಸಿ ಮಳೆ ನಿಲ್ಲುವುದನ್ನು ಕಾಯುವ ಶಾಲೆ ಯಾಕೆ ಬೇಕು ಎಂದರು. ಹೆಂಚೇ ಉಳಿಯಿತು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದಾಗಿನಿಂದ ಈ ಹೆಂಚಿನ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ, ಹಿಂಬದಿಯ ಹಲ್ಲು ರೀಪಿಗೆ ಕಚ್ಚಿಕೊಳ್ಳುತ್ತದೆ, ಮೊಳೆ ಬೇಡ. ಹಾಗಾಗಿಯೇ ಇಳಿಸಿ ತೊಳೆದು ಮತ್ತೆ ಏರಿಸಬಹುದು. ಚದರ ಮೀಟರಿಗೆ 15ರಿಂದ 16 ಹೆಂಚು ಬೇಕು. ನಮ್ಮ ಮಾಡು ಸುಮಾರು 150 ಚದರ ಮೀಟರ್. ಅಂದರೆ 2,300ರಷ್ಟು ಹೆಂಚು, ಒಂದೊಂದು ಎರಡೂವರೆ ಕಿಲೋದ ಆಸುಪಾಸು. ಆರು ಟನ್ನಿಗೆ ಹತ್ತಿರದ ಭಾರ ಕೈಯಿಂದ ಕೈಗೆ ಇಳಿದು, ಉಜ್ಜಿಸಿಕೊಂಡು, ಮತ್ತೆ ಕೈಯಿಂದ ಕೈಗೆ ಏರಿತು. ಏಣಿಯ ಬುಡದಿಂದ ಮಾವಿನ ಮರದವರೆಗೆ ಸಾಲು ನಿಂತಾಗ ಇಬ್ಬರು ಊರಿನವರ ಮಧ್ಯೆ ಒಬ್ಬರು ನಾವು. ಕೈ ತಪ್ಪಿದರೆ ಎರಡು ಕಡೆಯಿಂದಲೂ ಬೈಗುಳ. ಹಿಂದಿನ ಬೇಸಿಗೆಯಲ್ಲಿ ನನ್ನನ್ನು 'ಸರ್' ಎನ್ನುತ್ತಿದ್ದವರು ಈಗ ಹೆಸರು ಹಿಡಿದು ಗದರುತ್ತಿದ್ದರು.

ಮಾಡಿನ ಮೇಲೆ ಹತ್ತಲು ಮೊದಲ ಮೂರು ದಿನ ನಮಗೆ ಬಿಡಲಿಲ್ಲ. ಹೆಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ. ಕೆಳಗೆ ಪಕಾಸು, ಅಂದರೆ ರೀಪುಗಳನ್ನು ಹೊತ್ತ ಇಳಿಜಾರಿನ ಮರ, ಹಾದುಹೋದ ಗೆರೆ ನೋಡಿ ಬರಿಗಾಲಲ್ಲಿ ಹೆಜ್ಜೆ ಇಡಬೇಕು. ಇದು ಕಣ್ಣಿಗಲ್ಲ, ಪಾದಕ್ಕೆ ಬರಬೇಕಾದ ವಿದ್ಯೆ. ನಮ್ಮಲ್ಲಿ ಇಬ್ಬರಿಗೆ ಬಂತು. ಅವರಲ್ಲೊಬ್ಬಳು ಬ್ಯಾಂಕಿನ ಗುಮಾಸ್ತೆ. ಕೊನೆಯ ಎರಡು ದಿನ ಅಜ್ಜ ಅವರಿಬ್ಬರ ಹೆಸರಿನ ಮುಂದೆ ಪೂರ್ಣ ಆಳು ಎಂದು ಬರೆಸಿದರು. ಅಷ್ಟು ಹೆಮ್ಮೆಯ ಮುಖ ನಾನು ಅವಳ ಬಡ್ತಿಯ ದಿನವೂ ನೋಡಿರಲಿಲ್ಲ.

ಮಕ್ಕಳನ್ನು ಏಣಿಯ ಹತ್ತಿರ ಬಿಡಲಿಲ್ಲ. ಹೆಂಚಿನಡಿಯಿಂದ ಚೇಳು ಉದುರುತ್ತಿದ್ದವು. ಸುಣ್ಣ ಅರಳಿಸಿದ ಗುಂಡಿಗೂ ಬೇಲಿ ಕಟ್ಟಿದ್ದೆವು. ಕಣ್ಣಿಗೆ ಹಾರಿದರೆ ಸುಡುವ ವಸ್ತು ಅದು.

ಹೆಂಚು ಇಳಿದ ಮೇಲೆ ಕಂಡದ್ದು ಒಂದು ಕೆಟ್ಟ ಸುದ್ದಿ, ಒಂದು ಒಳ್ಳೆಯದು. ಗುತ್ತಿಗೆದಾರ ಹಾಕಿದ್ದ ರೀಪುಗಳನ್ನೆಲ್ಲ ಗೆದ್ದಲು ತಿಂದಿತ್ತು, ಮುಟ್ಟಿದರೆ ಪುಡಿ. ಮುಳುಗಡೆಯ ಊರಿನಿಂದ ಬಂದ ತೊಲೆಗಳಿಗೆ ಏನೂ ಆಗಿರಲಿಲ್ಲ. ಅಜ್ಜ ಉಳಿಯಿಂದ ಒಂದೆಡೆ ಕೆತ್ತಿ ನೋಡಿ, ಒಳಗಿನ ಬಣ್ಣ ತೋರಿಸಿ, "ಇದು ನನಗಿಂತ ಗಟ್ಟಿ" ಎಂದರು.

ಅಗಳಿನ ಕೆಲಸದಲ್ಲಿ ನಮ್ಮ ಪಾತ್ರ ಮಣ್ಣು ಹೊರುವುದಷ್ಟೇ. ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವವರಿಗೆ ನೀರಿನ ಇಳಿಜಾರು ಕಣ್ಣಳತೆಯಲ್ಲೇ ಗೊತ್ತು. ತರಗತಿಯ ನೆಲಕ್ಕಿಂತ ಒಂದೂವರೆ ಅಡಿ ಕೆಳಕ್ಕೆ ತೋಡಿ, ಕಲ್ಲು ಹಾಸಿ, ಹಳ್ಳದ ಕಡೆಗೆ ತಿರುಗಿಸಿದರು. ದರೆಯ ಮೇಲೆ ಇನ್ನೊಂದು ಅಡ್ಡ ಅಗಳು ತೆಗೆದು ಗುಡ್ಡದ ನೀರು ದರೆಗೆ ಬರುವ ಮುಂಚೆಯೇ ದಾರಿ ಬದಲಿಸಿದರು. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಶಾಲೆಯನ್ನು ಉಳಿಸಿದ್ದು ಇದೊಂದೇ. ಮಾಡು ಸೋರಿದರೆ ಒಂದು ಮೂಲೆ ಹಾಳಾಗುತ್ತದೆ. ತಳ ನೆನೆದರೆ ಗೋಡೆಯೇ ಇರುವುದಿಲ್ಲ. ಆದರೆ ಕಟ್ಟಡದ ಹಿಂದಿನ ಅಗಳು ಫೋಟೋಗೆ ಒಗ್ಗುವುದಿಲ್ಲ, ದಾನ ಕೇಳುವವರು ಅದನ್ನು ತೋರಿಸುವುದಿಲ್ಲ.

ಒಂದು ತಕರಾರನ್ನು ಇಲ್ಲಿ ಹೇಳಲೇಬೇಕು. ಮೇಲಿನ ಕೇರಿಯವರ ಮಕ್ಕಳಲ್ಲಿ ಬಹುತೇಕರು ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾರೆ. "ನಮ್ಮ ಮಕ್ಕಳಿಲ್ಲದ ಶಾಲೆಗೆ ನಾವೇಕೆ ಆಳು ಕೊಡಬೇಕು?" ಎಂದು ಅವರು ಮೊದಲೆರಡು ದಿನ ಬರಲಿಲ್ಲ. ಮಾತು ಬೇರೆ ಕಡೆಗೂ ಹೊರಳಿತು: ಒಟ್ಟಿಗೆ ಊಟಕ್ಕೆ ಕೂರುವುದು ಯಾರೊಂದಿಗೆ, ಅಡುಗೆ ಯಾರದು. ಅಧ್ಯಕ್ಷೆ ಕೆಳಕೇರಿಯವರು. ಅವರು ಯಾರ ಮನೆಗೂ ಹೋಗಿ ಕರೆಯಲಿಲ್ಲ. ಬಿಸಿಯೂಟದ ಅಡುಗೆಯಕ್ಕ ದಿನವೂ ಮಾಡುವ ಹಾಗೆಯೇ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿದರು, ಒಂದೇ ಸಾಲಿನಲ್ಲಿ ಬಡಿಸಿದರು. ಮೂರನೆಯ ದಿನ ಮೇಲಿನ ಕೇರಿಯಿಂದ ನಾಲ್ವರು ಬಂದರು. ಮುಯ್ಯಾಳಿನ ಪುಸ್ತಕದಲ್ಲಿ ತಮ್ಮ ಮನೆಗಳ ಮುಂದೆ ಖಾಲಿ ಗೆರೆ ಬಿದ್ದಿರುವುದನ್ನು ಯಾರೋ ಹೇಳಿದ್ದರಂತೆ. ಇಬ್ಬರು ಊಟ ಮಾಡಿದರು, ಇಬ್ಬರು ಮನೆಗೆ ಹೋಗಿ ಉಂಡು ಬಂದರು. ಇದಕ್ಕಿಂತ ಹೆಚ್ಚಿನದೇನೋ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಗೋಡೆಯ ಎನಾಮಲ್ ಕೆರೆಯುವ ಶಿಕ್ಷೆ ನಮ್ಮದೇ. ತಂತಿಯ ಬ್ರಷ್ ಹಿಡಿದು ನಾಲ್ಕು ದಿನ. ಕೆಳಗಿನ ಮೂರಡಿ ಗಾರೆಯನ್ನು ಕಿತ್ತು ಸುಣ್ಣದ ಗಾರೆ ಬಳಿದು, ಒಣಗಿದ ಮೇಲೆ ತೆಳ್ಳಗೆ ಮೂರು ಸಲ ಸುಣ್ಣ. ಬಳಿದ ದಿನ ಅದು ಪೇಲವವಾಗಿ ಕಾಣುತ್ತದೆ; ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತಾ ದಿನದಿನಕ್ಕೆ ಬೆಳ್ಳಗಾಗುತ್ತದೆ. ಮಕ್ಕಳ ಕಪ್ಪು ಪಟ್ಟಿಯನ್ನು ಎಲ್ಲಿಂದ ಎಲ್ಲಿಯವರೆಗೆ ಎಳೆಯಬೇಕೆಂದು ಕಿರಿಯ ಅಕ್ಕೋರು ಒಂದನೆಯ ತರಗತಿಯ ಹುಡುಗನೊಬ್ಬನನ್ನು ಗೋಡೆಗೆ ಕೂರಿಸಿ ಗುರುತು ಹಾಕಿಸಿದರು. ಜಿರಾಫೆಯ ತಲೆಯನ್ನು ಉಳಿಸಿ ಎಂದು ಮಕ್ಕಳು ಹಠ ಹಿಡಿದದ್ದರಿಂದ ಅದು ಬಾಗಿಲ ಮೇಲೆ ಈಗಲೂ ಇದೆ.

ದುಡ್ಡು

ಮೊದಲ ಬೇಸಿಗೆಗೆ ಆದದ್ದು 1,70,000 ರೂಪಾಯಿ. ಅದರಲ್ಲಿ 60,000 ನಮ್ಮ ಪ್ರಯಾಣ ಮತ್ತು ಊಟ, 75,000 ಬಣ್ಣ ಮತ್ತು ಚಿತ್ರ, ಉಳಿದದ್ದು ಆಟದ ಸಾಮಾನು, ಅಂಗಿ, ಬ್ಯಾನರ್. ಎರಡನೆಯ ಬೇಸಿಗೆಗೆ 1,12,000. ದೊಡ್ಡ ಬಾಬತ್ತು ರೀಪು, ಪಕಾಸಿನ ಮರ ಮತ್ತು ಮರಗೆಲಸದವರ ಕೂಲಿ. ಅಜ್ಜ ಮುಯ್ಯಾಳಾಗಿ ಬಂದರೂ ಅವರ ಜೊತೆಗಿದ್ದ ಇಬ್ಬರಿಗೆ ಕೂಲಿ ಕೊಡಬೇಕಿತ್ತು, ಅವರಿಗೆ ಅದೇ ಜೀವನ. 350 ಹೊಸ ಹೆಂಚು, ಸುಣ್ಣ, ಸ್ವಲ್ಪ ಸಿಮೆಂಟು, ಊಟ, ಆರು ದಿನದ ಅಪಘಾತ ವಿಮೆ ಉಳಿದದ್ದು. ನಾವು ತಂದದ್ದು 52,000. ಶಾಲೆಯಲ್ಲಿ ಓದಿ ಹೊರಗೆ ಹೋದವರೊಬ್ಬರು 30,000. ಊರಿನ ಚಂದಾ 21,000. ಶಾಲಾ ಅನುದಾನದಿಂದ 9,000. ಪ್ರಯಾಣದ ಖರ್ಚನ್ನು ಈ ಸಲ ನಾವೇ ಭರಿಸಿದೆವು, ಲೆಕ್ಕಕ್ಕೆ ಸೇರಿಸಲಿಲ್ಲ. ಲೆಕ್ಕವನ್ನು ಜಗಲಿಯ ಗೋಡೆಗೆ ಅಂಟಿಸಿದ್ದೆವು. ಊರಿನವರು ನಿಂತು ಓದಿದರು. ಸುಣ್ಣದ ದರ ಹೆಚ್ಚಾಯಿತು ಎಂದು ಇಬ್ಬರು ಹೇಳಿದರು. ವಿಚಾರಿಸಿದರೆ ಹೆಚ್ಚೇ ಆಗಿತ್ತು.

ಮಳೆಗಾಲದ ನಂತರ

ಅಕ್ಟೋಬರ್‌ನಲ್ಲಿ ಮತ್ತೆ ಹೋಗಿ ನೋಡಿದೆ. ಹಿಂಗೋಡೆಯ ಒಳಮೈಯಲ್ಲಿ ತೇವದ ಗೆರೆ ಇತ್ತು, ಆದರೆ ಮೊಣಕಾಲಿನ ಕೆಳಗೆ. ಗೋಡೆ ಪೂರ್ತಿ ಒಣಗಲು ಇನ್ನೂ ಎರಡು ಬೇಸಿಗೆ ಬೇಕು ಎಂದು ಅಜ್ಜ ಹೇಳುತ್ತಾರೆ. ಜಗಲಿಗೂ ಕೋಣೆಗೂ ಮಾಡು ಕೂಡುವ ಸಂಧಿಯಲ್ಲಿ ಈಗಲೂ ಸೋರುತ್ತದೆ. ಅಲ್ಲಿ ಅಕ್ಕೋರು ಬಕೆಟ್ ಇಟ್ಟಿದ್ದಾರೆ. ಶೌಚಾಲಯಕ್ಕೆ ನೀರಿನ ಸಂಪರ್ಕವಾಗಿಲ್ಲ. ಮಕ್ಕಳ ಸಂಖ್ಯೆ 33. ಇಬ್ಬರು ಹೋದರು, ಒಬ್ಬಳು ಬಂದಳು. ನಮ್ಮ ಕೆಲಸದಿಂದ ದಾಖಲಾತಿ ಹೆಚ್ಚಿತು ಎಂದು ಬರೆಯಲು ನನ್ನ ಬಳಿ ಏನೂ ಇಲ್ಲ.

ಮರುವರ್ಷ ಮಾರ್ಚ್‌ನಲ್ಲಿ ಪಕ್ಕದ ತಾಲ್ಲೂಕಿನ ಇನ್ನೊಂದು ಹೆಂಚಿನ ಶಾಲೆಯ ಕೆಲಸ ನಮ್ಮ ಪಾಲಿಗೆ ಬಂತು. ಹೇಳಿ ಕಳುಹಿಸಿದೆವು. ಅಜ್ಜನೂ ಸೇರಿ ಆರು ಮಂದಿ ತಮ್ಮದೇ ಹಗ್ಗ, ಕತ್ತಿ, ಉಳಿ ಹಿಡಿದು ಬಸ್ಸಿನಲ್ಲಿ ಬಂದಿಳಿದರು. ಐದು ದಿನ ಇದ್ದರು. ಆ ಊರಿನವರಿಗೆ ಇವರು ಯಾರು, ಯಾಕೆ ಬಂದರು ಎಂಬುದೇ ತಿಳಿಯದೆ ಮೊದಲ ದಿನ ಬಹಳ ಅನುಮಾನದಿಂದ ನೋಡಿದರು. ಅಜ್ಜ ಅವರಿಗೆ ಏನು ವಿವರಿಸಿದರೋ ನನಗೆ ಗೊತ್ತಿಲ್ಲ. ಎರಡನೆಯ ದಿನ ಅಲ್ಲೂ ಒಂದು ನೋಟ್‌ಪುಸ್ತಕ ಬಂದಿತ್ತು.

ಏಪ್ರಿಲ್‌ನಲ್ಲಿ ಅಧ್ಯಕ್ಷೆ ಫೋನ್ ಮಾಡಿದರು. ಪುಸ್ತಕ ಎದುರಿಗಿಟ್ಟುಕೊಂಡೇ ಮಾತಾಡುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ನಮ್ಮ ಎಂಟು ಮಂದಿಯಲ್ಲಿ ಇಬ್ಬರು ಒಂದೊಂದು ದಿನ ಮೊದಲೇ ಹೊರಟಿದ್ದರಿಂದ ಒಟ್ಟು 46 ದಿನ. ಅದರಲ್ಲಿ ನಾಲ್ಕು ಪೂರ್ಣ ಆಳು, ಉಳಿದ 42 ಅರ್ಧದ ಲೆಕ್ಕದಲ್ಲಿ 21, ಕೂಡಿದರೆ 25. ಊರಿನಿಂದ ಬಂದದ್ದು ಆರು ಮಂದಿ, ಐದು ದಿನ, 30.

"ನಿಮ್ಮ ಕಡೆಯಿಂದ ಐದು ಆಳು ಬಾಕಿ ಇದೆ" ಎಂದರು. "ಅಗಳಿನ ಹೂಳು ತೆಗೆಯಬೇಕು. ಮೇ ಎರಡನೆಯ ವಾರ ಇಟ್ಟುಕೊಂಡಿದ್ದೇವೆ. ಹತ್ತು ಜನ ಬಂದರೆ ಒಂದೇ ದಿನದಲ್ಲಿ ತೀರುತ್ತದೆ. ಆ ಬ್ಯಾಂಕಿನ ಹುಡುಗಿ ಬಂದರೆ ಒಂಬತ್ತು ಜನ ಸಾಕು."